ಗುಂಡುಪಿನ್ನು ಬ್ಯಾಂಕಿನ ಮೂರನೇ ಕಂತು

ಹೆಂಡತಿ: ಬ್ಯಾಂಕು ಮುಚ್ಚಿದೆ. ನಾಳೆ ಬನ್ನಿ.

ಕನ್ನಡಿಯವ: ಮುಚ್ಚಿದೆ ಅಂದ್ರೆ? ಕಣ್ಣೆದುರಿಗೇ ಕೂತಿದ್ದೀಯಲ್ಲೇ, ಮಿಷನ್ ತುಳೀತಾ!

ಹೆಂಡತಿ: ಮಿಷನ್ ತುಳೀತಿರೋಳು ಟೈಲರು. ಬ್ಯಾಂಕಿನ ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ.

ಕನ್ನಡಿಯವ: ಊಟ ಆಗಿ ಎಷ್ಟು ಹೊತ್ತಾಯ್ತು! ನಾನೇ ಬಡಿಸಿದ್ದು, ತಟ್ಟೇನೂ ನಾನೇ ತೊಳೆದಿದ್ದು!

ಹೆಂಡತಿ: ಹಾಗಾದ್ರೆ ಮಲಗಿರ್ಬೇಕು. ದೊಡ್ಡವ್ರು, ಎಬ್ಬಿಸೋಕಾಗುತ್ತಾ?

ಕನ್ನಡಿಯವ ಕೈಯಲ್ಲಿದ್ದ ನೋಟುಗಳನ್ನು ಬೀಸಣಿಗೆಯಂತೆ ಬೀಸಿಕೊಳ್ಳುತ್ತಾ ನಿಂತ. ಅವರ ಮನೆಯ ಮುಂದಿನ ಕೋಣೆಯಲ್ಲಿ ಅರ್ಧ ಅವನ ಕನ್ನಡಿ-ಫ್ರೇಮಿನ ಅಂಗಡಿ, ಇನ್ನರ್ಧ ಅವಳ ಹೊಲಿಗೆ ಅಂಗಡಿ. ನಡುವೆ ಗೋಡೆ ಇಲ್ಲ, ಜಗಳ ಇದೆ. ಸುತ್ತಲೂ ಒರಗಿಸಿಟ್ಟ ಕನ್ನಡಿಗಳು. ಅಲ್ಲಿ ನಿಂತು ಯಾರಾದರೂ ಸುಳ್ಳು ಹೇಳಿದರೆ ಅವರ ಮುಖವೇ ನಾಲ್ಕೂ ಕಡೆಯಿಂದ ಅವರನ್ನು ಪಿಳಿಪಿಳಿ ನೋಡುತ್ತದೆ. ಇವತ್ತು ಕನ್ನಡಿಯವನಿಗೆ ಯಾವ ಕಡೆ ತಿರುಗುವುದಕ್ಕೂ ಧೈರ್ಯವಿರಲಿಲ್ಲ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ವಿಷಯ ಇಷ್ಟೇ. ಎದುರು ಮನೆಯ ಹಲ್ಲಿನ ಡಾಕ್ಟರು ಸಂಜೆಯಾದರೆ ಕಣ್ಣು ಕಾಣುವುದಿಲ್ಲವೆಂದು ತಮ್ಮ ಹಳೆಯ ಕಾರನ್ನು ಮಾರಲು ಹೊರಟಿದ್ದರು. ಕನ್ನಡಿಯವನಿಗೆ ಅದು ಮೂರು ತಿಂಗಳಿಂದ ಬೇಕಾಗಿತ್ತು, ಈಗಂತೂ ಬೇಕೇ ಬೇಕು. ಬ್ಯೂಟಿ ಪಾರ್ಲರಿನ ಯಜಮಾನತಿ ಮೊನ್ನೆ ತನ್ನ ಹೊಸ ಅಂಗಡಿಗಳಿಗೆಲ್ಲ ಕನ್ನಡಿಯ ಆರ್ಡರು ಕೊಟ್ಟಿದ್ದಳು. ಆದರೆ, "ಸ್ಕೂಟರಿನಲ್ಲಿ ತಂದು ಒಡೆದು ಹಾಕೋದಾದ್ರೆ ಬೇಡವೇ ಬೇಡ. ಮುಂದಿನ ವಾರದೊಳಗೆ ಕಾರಲ್ಲಿ ತಂದ್ರೆ ಸರಿ, ಇಲ್ಲಾಂದ್ರೆ ಬೇರೆಯವರಿಗೆ ಹೇಳ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಅಂಥ ಆರ್ಡರು ಅವನ ಜನ್ಮದಲ್ಲಿ ಮತ್ತೊಂದು ಬರುವುದಿಲ್ಲ.

ಮನೆಯ ಇಡುಗಂಟು ಕಾರಿನ ಅರ್ಧ ಬೆಲೆಗಿಂತ ಸ್ವಲ್ಪ ಮೇಲಿತ್ತು. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡೋಣ ಎಂದು ಅವನು. ಸಾಲದ ಹೆಸರೆತ್ತಿದರೆ ತವರಿಗೆ ಹೋಗುತ್ತೇನೆ ಎಂದು ಅವಳು. ಅವಳ ಅಣ್ಣ ಸಾಲದಲ್ಲಿ ಕಾರು ತೆಗೆದು ಕಂತು ಕಟ್ಟದೆ, ಬ್ಯಾಂಕಿನವರು ಬಂದು ಕಾರನ್ನು ಎಳೆದುಕೊಂಡು ಹೋದಾಗ ಅತ್ತಿಗೆ ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಕಾರು ವಾಪಸ್ ಬರಲಿಲ್ಲ. ಅತ್ತಿಗೆ ಬಂದಳು, ಬಂದ ಮೇಲೆ ಅಣ್ಣನ ಜೊತೆ ಮಾತು ಬಿಟ್ಟಳು.

ಕೊನೆಗೆ ಡಾಕ್ಟರು ಮೂರು ತಿಂಗಳು ಕಾಯುತ್ತೇನೆ ಎಂದಾಗ ಹೆಂಡತಿಯೇ ಒಂದು ದಾರಿ ತೆಗೆದಳು. ಮೂರು ತಿಂಗಳು ನನ್ನನ್ನೇ ಬ್ಯಾಂಕು ಅಂತ ತಿಳಿದುಕೊಂಡು ಕಂತು ಕಟ್ಟಿ. ಮೂರೂ ತಪ್ಪದೆ ಕಟ್ಟಿದರೆ ನಿಜವಾದ ಬ್ಯಾಂಕಿಗೆ ನಾನೇ ಬಂದು ಸಹಿ ಹಾಕುತ್ತೇನೆ. ಒಂದು ತಪ್ಪಿದರೂ ಅದೇ ಸ್ಕೂಟರು, ಅದೇ ಅಮ್ಮ.

ಅಮ್ಮ ಎಂದರೆ ಕನ್ನಡಿಯವನ ತಾಯಿ. ಸ್ಕೂಟರಿನ ಹಿಂದೆ ಕನ್ನಡಿ ತಬ್ಬಿಕೊಂಡು ಕೂರುವ ಕೆಲಸ ಆಕೆಯದು. ಈಗ ಮೂಲೆಯಲ್ಲಿ ಕೂತು ಸೊಸೆಯ ಗುಂಡಿಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸುತ್ತಿದ್ದಳು.

ಕನ್ನಡಿಯವ: ನೋಡು, ಡಾಕ್ಟ್ರು ಇನ್ನೇನು ಬಂದ್ಬಿಡ್ತಾರೆ. ಹೌದೋ ಅಲ್ವೋ ಇವತ್ತೇ ಹೇಳ್ಬೇಕು. ಇಗೋ ಮೂರನೇ ಕಂತು. ಡಬ್ಬಿ ತೆಗಿ. ಮೂರೂ ಸೇರಿಸಿ ಮುಂಗಡ ಅಂತ ಅವ್ರ ಕೈಗಿಡೋಣ.

ಹೆಂಡತಿ: ಡಬ್ಬಿ ಯಾಕೆ?

ಕನ್ನಡಿಯವ: ದುಡ್ಡು ಅದರೊಳಗಿದೆ, ಅದಕ್ಕೆ!

ಹೆಂಡತಿ: ಎಲ್ಲಾ ಬ್ಯಾಂಕಲ್ಲೂ ಹೀಗೇ ಹೋಗಿ ತಿಜೋರಿ ತೆಗಿ ಅಂತೀರಾ? ಒದ್ದು ಓಡಿಸ್ತಾರೆ. ಮೊದಲು ದಂಡದ ಮಾತಾಡಿ. ಕಂತು ನಿನ್ನೆ ಕಟ್ಬೇಕಿತ್ತು.

ಕನ್ನಡಿಯವ: ನಿನ್ನೆ ಬ್ಯಾಂಕಿಗೆ ರಜಾ ಅಂದೋಳು ನೀನೇ!

ಹೆಂಡತಿ: ರಜಾ ಅಂತ ಗೊತ್ತಿದ್ರೆ ಮೊನ್ನೆ ಕಟ್ಬೇಕು. ಒಂದು ವಾರ ಪಾತ್ರೆ.

ಕನ್ನಡಿಯವ: ಹೋದ ತಿಂಗಳ ದಂಡದ ಪಾತ್ರೇನೇ ಇನ್ನೂ ತಿಕ್ತಾ ಇದ್ದೀನಿ ಕಣೇ!

ಹೆಂಡತಿ: ಜಾಮೀನು ಯಾರು?

ಕನ್ನಡಿಯವ: ಮೂರನೇ ಕಂತಿಗೆ ಜಾಮೀನಾ? ಇದ್ಯಾವ ಸೀಮೆ ಬ್ಯಾಂಕು! ಬರ್ಕೋ, ಅಮ್ಮ.

ಅಮ್ಮ: ನನ್ನ ಹೆಸರು ಎತ್ತಬೇಡ. ನಾನು ಸ್ಕೂಟರ್ ಹಿಂದೆ ಯಾರ ಜಾಮೀನೂ ಇಲ್ದೆ ಕೂತಿರೋಳು. ಸಿಗ್ನಲ್ ಬಿದ್ರೆ ಸಾಕು, ಹಿಂದಿನೋರೆಲ್ಲ ನನ್ನ ಕನ್ನಡೀಲಿ ತಲೆ ಬಾಚ್ಕೊಳ್ತಾರೆ. ಮೊನ್ನೆ ಒಬ್ಬ, "ಅಜ್ಜೀ, ಸ್ವಲ್ಪ ಎಡಕ್ಕೆ ತಿರುಗಿಸಿ" ಅಂತಾನೆ!

ಕನ್ನಡಿಯವನಿಗೆ ಆಶ್ಚರ್ಯ. ದುಡ್ಡು ಕಂಡರೆ ಮುಖ ಅರಳಬೇಕಾದ ಬ್ಯಾಂಕು ಯಾಕೆ ಹೀಗೆ ಕಾಲು ಕೆರೆದು ಜಗಳಕ್ಕೆ ಬರುತ್ತಿದೆ? ತಾನು ಫೇಲಾಗಲಿ ಎಂದೇ ಕಾಯುತ್ತಿರುವ ಹಾಗಿದೆ. ಹಾಗೆಂದು ದಬಾಯಿಸಿ ಕೇಳಲು ಅವನ ಕೈಯೂ ಅಷ್ಟೇನೂ ಶುದ್ಧವಾಗಿರಲಿಲ್ಲ. ನೋಟುಗಳನ್ನು ಅವಳ ಮಡಿಲಿಗೆ ಹಾಕಿದ.

ಹೆಂಡತಿಗೊಂದು ಅಭ್ಯಾಸ. ಬಟ್ಟೆಗೆ ಅಳತೆಯ ಕಾಗದ ಸಿಕ್ಕಿಸಿ ಸಿಕ್ಕಿಸಿ, ಕೈಗೆ ಬಂದದ್ದಕ್ಕೆಲ್ಲ ಗುಂಡುಪಿನ್ನು ಚುಚ್ಚಿಯೇ ಇಡಬೇಕು. ಕರೆಂಟು ಬಿಲ್ಲು, ಕ್ಯಾಲೆಂಡರಿನ ಹಾಳೆ, ನೋಟು, ಯಾವುದನ್ನೂ ಬಿಟ್ಟವಳಲ್ಲ. ಈಗಲೂ ನೋಟುಗಳ ಮೂಲೆ ಜೋಡಿಸಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು ಚುಚ್ಚಿದಳು. ಪಿನ್ನು ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಅವಳು ಪಿನ್ನು ತೆಗೆದು, ಒಂದು ನೋಟನ್ನು ಬೆಳಕಿಗೆ ಹಿಡಿದಳು.

ಹೆಂಡತಿ: ರೀ, ಈ ದುಡ್ಡು ಎಲ್ಲಿಂದ ಬಂತು?

ಕನ್ನಡಿಯವ: ಅಂಗಡಿಯಿಂದ. ಇನ್ನೆಲ್ಲಿಂದ?

ಹೆಂಡತಿ: ಏನು ಮಾರಿದ್ರಿ?

ಕನ್ನಡಿಯವ: ಅದೇ... ಆ ಆಳೆತ್ತರದ ಕನ್ನಡಿ.

ಹೆಂಡತಿ: ಯಾರು ತಗೊಂಡ್ರು?

ಕನ್ನಡಿಯವ: ಒಬ್ರು... ಉದ್ದ ಇದ್ರು.

ಹೆಂಡತಿ: ಆ ಕನ್ನಡಿ ನಿಮ್ಮ ಬೆನ್ನ ಹಿಂದೇನೇ ಇದೆ.

ಕನ್ನಡಿಯವ ತಿರುಗಿ ನೋಡಿದ. ಆಳೆತ್ತರದ ಕನ್ನಡಿಯಲ್ಲಿ ಆಳೆತ್ತರದ ಸುಳ್ಳುಗಾರನೊಬ್ಬ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಹೆಂಡತಿ: ಅತ್ತೆ, ಬಾಯಿ ತೆಗೀರಿ.

ಅಮ್ಮ: (ತುಟಿ ಬಿಗಿದು) ಉಹೂಂ.

ಕನ್ನಡಿಯವ: ದುಡ್ಡಿನ ಮಾತಿಗೂ ಅಮ್ಮನ ಬಾಯಿಗೂ ಏನೇ ಸಂಬಂಧ?

ಹೆಂಡತಿ: ಇದೆ. ಬ್ಯಾಂಕಿನ ದುಡ್ಡು ಆ ಬಾಯಲ್ಲಿರ್ಬೇಕು. ಅತ್ತೆ, ತೆಗೀರಿ ಅಂದೆ.

ಅಮ್ಮ: ಉಹೂಂ, ಉಹೂಂ.

ಕನ್ನಡಿಯವ: ಅಯ್ಯೋ! ಅಮ್ಮ ನೋಟು ನುಂಗಿದ್ಲಾ?

ಅಮ್ಮ: ಥೂ, ನಿನ್ನ! ನೋಟು ನುಂಗೋಕೆ ನಾನೇನು ಮೇಕೆಯೇನೋ?

ಬೈಯುವ ಭರದಲ್ಲಿ ಬಾಯಿ ತೆರೆದೇಬಿಟ್ಟಿತ್ತು. ನಾಲ್ಕು ಕನ್ನಡಿಯಲ್ಲಿ ನಾಲ್ಕು ಬೊಚ್ಚು ಬಾಯಿ. ಹೊಸ ಹಲ್ಲು ಒಂದರಲ್ಲೂ ಇರಲಿಲ್ಲ.

ಹೆಂಡತಿ: ಎಲ್ಲಿ ಅತ್ತೆ ಮೇಲಿನ ಸಾಲು? ಹೋದ ತಿಂಗಳು ಹಲ್ಲು ಕಟ್ಟಿಸ್ಕೋಬೇಕು ಅಂದ್ರಿ, ಮೇಲಿನ ಸಾಲಿಗೆ ಕೊಟ್ಟೆ. ಎರಡೂ ಸಾಲು ಒಟ್ಟಿಗೇ ಕೂರಿಸ್ತಾರಂತೆ ಅಂದ್ರಿ, ಈ ತಿಂಗಳು ಕೆಳಗಿನ ಸಾಲಿಗೂ ಕೊಟ್ಟೆ. ಹದಿನಾರೂ ಹದಿನಾರೂ ಎಲ್ಲಿ?

ಅಮ್ಮ: ಅದು... ಒಳ್ಳೇ ದಿನ ಬರ್ಲಿ ಅಂತ ಎತ್ತಿಟ್ಟಿದ್ದೀನಿ.

ಹೆಂಡತಿ: ಹಲ್ಲೇನು ಹೊಸ ಬಟ್ಟೆನಾ, ಮಡಚಿ ಪೆಟ್ಟಿಗೇಲಿಡೋಕೆ?

ಕನ್ನಡಿಯವನ ತಲೆಯಲ್ಲಿ ಈಗ ಗಂಟೆ ಬಾರಿಸಿದಂತಾಯಿತು. ಕಳ್ಳನಿಗೆ ಇನ್ನೊಬ್ಬ ಕಳ್ಳ ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಕನ್ನಡಿಯವ: ಇರು ಇರು ಇರು. ಅಮ್ಮನಿಗೆ ನೀನು ಕೊಟ್ಟೆಯಾ? ಎಲ್ಲಿಂದ ಕೊಟ್ಟೆ?

ಹೆಂಡತಿ: ಎಲ್ಲಿಂದಾದ್ರೂ ಕೊಟ್ಟೆ.

ಕನ್ನಡಿಯವ: ಡಬ್ಬಿ ತೆಗಿ.

ಹೆಂಡತಿ: ಮ್ಯಾನೇಜರು ಮಲಗಿ...

ಕನ್ನಡಿಯವ: ಎಬ್ಬಿಸು ಮ್ಯಾನೇಜರನ್ನ!

ದಾರದ ಉಂಡೆಗಳ ಹಿಂದಿನಿಂದ ಡಬ್ಬಿ ಹೊರಬಂತು. ಮುಚ್ಚಳ ತೆಗೆದರೆ ಒಳಗೆ ಎರಡು ಗುಂಡುಪಿನ್ನು, ಒಂದು ಒಂಟಿ ಗುಂಡಿ.

ಕನ್ನಡಿಯವ: ಆಹಾ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು! ನಾನು ಒಂದು ದಿನ ತಡ ಮಾಡಿದ್ರೆ ವಾರ ಪಾತ್ರೆ ತಿಕ್ಕಿಸ್ತೀಯ, ನೀನು ಬ್ಯಾಂಕನ್ನೇ ಗುಡಿಸಿ ಗುಂಡಾಂತರ ಮಾಡಿದ್ದೀಯ! ಹೇಳು, ಇದಕ್ಕೆಷ್ಟು ಪಾತ್ರೆ?

ಹೆಂಡತಿ: ಸ್ಕೂಲ್ ಯೂನಿಫಾರಂ ಹೊಲಿದ ದುಡ್ಡು ಬಂದ್ರೆ ತುಂಬಿಸಿಡೋಣ ಅಂತಿದ್ದೆ. ಪಾಪ, ತಿನ್ನೋದನ್ನೆಲ್ಲ ನೀರಲ್ಲಿ ನೆನೆಸ್ಕೊಂಡು ತಿಂತಿದ್ರು. ನೋಡೋಕಾಗ್ಲಿಲ್ಲ, ಕೊಟ್ಟೆ. ಅದು ಬಿಡಿ, ಅವ್ರಿಗೆ ಕೊಟ್ಟ ನೋಟು ನಿಮ್ಮ ಕೈಗೆ ಹೇಗೆ ಬಂತು? ನೋಡಿ, ಪ್ರತಿ ನೋಟಿಗೂ ಎರಡೆರಡು ತೂತು. ನನ್ನ ಪಿನ್ನಿನದೇ.

ಕನ್ನಡಿಯವ: ಅಮ್ಮನ ಹತ್ರ ತಗೊಂಡೆ. ಸಾಲ ಅಲ್ಲ ಮತ್ತೆ! ಕೈಗಡ.

ಹೆಂಡತಿ: ಹೌದೌದು. ಅಳಿಯ ಅಲ್ಲ, ಮಗಳ ಗಂಡ!

ಕನ್ನಡಿಯವ: ಅವಳ ಉಳಿತಾಯ ಅಂದ್ಕೊಂಡೆ ಕಣೇ. ಮೊದಲನೇ ಕಂತು ಮಾತ್ರ ನನ್ನ ಸ್ವಂತ ಸಂಪಾದನೆ, ನಿನ್ನಾಣೆ. ಅಮ್ಮಾ, ಹಲ್ಲಿನ ದುಡ್ಡು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?

ಅಮ್ಮ: ಹೇಗೋ ಹೇಳ್ಲಿ? ದುಡ್ಡು ಸೆರಗಲ್ಲಿ ಕಟ್ಕೊಂಡು ಡಾಕ್ಟ್ರ ಮನೆಗೆ ಅಂತಾನೇ ಹೊರಟೆ. ನೀನು ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಕಂತಿಗೆ ದುಡ್ಡಿಲ್ಲಮ್ಮಾ ಅಂದೆ. ಮೇಲಿನ ಸಾಲು ನಿನಗೆ ಕೊಟ್ಟೆ. ಈ ತಿಂಗಳೂ ಅದೇ ಮೆಟ್ಟಿಲು, ಅದೇ ಮುಖ. ಇವಳ ಹತ್ರ ಸುಳ್ಳು ಹೇಳಿ ಕೆಳಗಿನ ಸಾಲೂ ತಂದ್ಕೊಟ್ಟೆ. ಇನ್ನೊಂದು ತಿಂಗಳಿದ್ದಿದ್ರೆ ನನ್ನ ಹತ್ರ ಬೇರೆ ಸಾಲು ಇರ್ಲಿಲ್ಲಪ್ಪ.

ಹೆತ್ತ ತಾಯಿಯ ಬಾಯಿಂದ ಕಿತ್ತು ತಂದ ಕಂತನ್ನು ತಾನು ಎದೆಯುಬ್ಬಿಸಿಕೊಂಡು ಕಟ್ಟುತ್ತಿದ್ದೆನಲ್ಲ ಎಂದು ಕನ್ನಡಿಯವನಿಗೆ ನಿಜವಾಗಿಯೂ ನಾಚಿಕೆಯಾಯಿತು. ನಾಚಿಕೆಗೆ ಮುಖ ತಿರುಗಿಸಿದರೆ ಅಲ್ಲೂ ಕನ್ನಡಿ. ಕೊನೆಗೆ ನೆಲ ನೋಡಿದ.

ಹೆಂಡತಿ: ಅಂದ್ರೆ ಮೂರು ತಿಂಗಳಲ್ಲಿ ಈ ಮನೆ ಕಟ್ಟಿರೋದು ಒಂದೇ ಕಂತು. ಅದೇ ನೋಟು ಸುತ್ತಿ ಸುತ್ತಿ ಬಂದಿದೆ. ಇದೇ ನಿಜವಾದ ಬ್ಯಾಂಕಾಗಿದ್ರೆ?

ಅಮ್ಮ: ಇಷ್ಟು ಹೊತ್ತಿಗೆ ಕಾರು ಎಳ್ಕೊಂಡು ಹೋಗ್ತಿದ್ರು. ಒಳಗೆ ನಾನು, ತೊಡೆ ಮೇಲೆ ಕನ್ನಡಿ.

ಕನ್ನಡಿಯವ: ಸರಿ. ಸೋತೆ. ಸಾಲದ ಮಾತು ಇನ್ನು ಎತ್ತಲ್ಲ. ಪಾರ್ಲರಿನವಳ ಆರ್ಡರೂ ಹೋಯ್ತು, ಬಿಡು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ.

ಅಮ್ಮ: ಬಂದಿದ್ರೆ ತಾನೇ ಅಗಿಯೋಕೆ ಯಾರಿಗಿತ್ತು ಹಲ್ಲು?

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಹಲ್ಲಿನ ಡಾಕ್ಟರು. ಅವರನ್ನು ಕಂಡ ಕೂಡಲೇ ಮೂವರೂ ಬಾಯಿ ಮುಚ್ಚಿಕೊಂಡರು. ಆ ಬೀದಿಯಲ್ಲಿ ಎಲ್ಲರಿಗೂ ಇದ್ದ ಚಟವದು. ಡಾಕ್ಟರು ಒಳಗೆ ಬಂದು ಕೈ ಹೊಸಕುತ್ತಾ ನಿಂತರು.

ಡಾಕ್ಟ್ರು: ಒಂದು ಮಾತು ಹೇಳ್ಬೇಕಿತ್ತು. ಬೇಜಾರು ಮಾಡ್ಕೋಬಾರ್ದು.

ಕನ್ನಡಿಯವ: ನಾನೂ ಒಂದು ಹೇಳ್ಬೇಕು ಸಾರ್. ನೀವೂ ಬೇಜಾರು ಮಾಡ್ಕೋಬಾರ್ದು.

ಡಾಕ್ಟ್ರು: ನೀವು ಮೊದಲು.

ಕನ್ನಡಿಯವ: ಛೇ ಛೇ, ದೊಡ್ಡವ್ರು, ನೀವು ಮೊದಲು.

ಇಬ್ಬರೂ ಒಟ್ಟಿಗೇ ಬಾಯಿ ಬಿಟ್ಟರು. "ಕಾರು ಬೇಡ ಸಾರ್" ಎಂದು ಇವನು, "ಕಾರು ಕೊಡಲ್ಲ ಕಣ್ರೀ" ಎಂದು ಅವರು.

ಕನ್ನಡಿಯವ: ಏನಂದ್ರಿ? ಕೊಡಲ್ವಾ?

ಡಾಕ್ಟ್ರು: ಬೇಡ ಅಂದ್ರಲ್ಲ ನೀವೇ!

ಕನ್ನಡಿಯವ: ಬೇಡ ಅನ್ನೋದು ನಮ್ಮಿಷ್ಟ ಸಾರ್! ಕೊಡಲ್ಲ ಅಂದ್ರೆ ಹೇಗೆ? ಮೂರು ತಿಂಗಳು ಕಾಯ್ತೀನಿ ಅಂತ ಮಾತು ಕೊಟ್ಟಿದ್ರಿ. ಮನುಷ್ಯನಿಗೆ ಮಾತು ಮುಖ್ಯ!

ಡಾಕ್ಟ್ರು: ಕಾದೆನಪ್ಪ. ಸುಮ್ನೆ ಕಾಯ್ಲಿಲ್ಲ. ನೀವು ಕಂತು ಕಟ್ಟೋ ಅಭ್ಯಾಸ ಮಾಡ್ತಿದ್ದೀರಿ ಅಂತ ಅಮ್ಮ ಹೇಳಿದ್ರು. ನಾನೂ ಕಾರಿಲ್ದೆ ಬದುಕೋ ಅಭ್ಯಾಸ ಮಾಡೋಣ ಅಂತ ಕಾರನ್ನ ಶೆಡ್ಡಿಗೆ ಹಾಕಿ ಬಸ್ಸಲ್ಲಿ ಓಡಾಡಿದೆ. ನನ್ನ ಕೈಲಾಗಲ್ಲ ಕಣ್ರೀ.

ಹೆಂಡತಿ: ಯಾಕೆ ಡಾಕ್ಟ್ರೇ, ರಶ್ಶಾ?

ಡಾಕ್ಟ್ರು: ರಶ್ಶು ತಡ್ಕೋಬಹುದು. ಪಕ್ಕದಲ್ಲಿ ಕೂತವನು ಆ ಅಂತ ಬಾಯಿ ತೆಗೀತಾನೆ. ಇದೊಂದು ಸ್ವಲ್ಪ ನೋಡಿ ಸಾರ್, ಎಡಗಡೆ ಕೊನೇದು ಅಂತಾನೆ. ಅವನನ್ನ ನೋಡಿ ಮುಂದಿನ ಸೀಟಿನವ್ಳು ತಿರುಗಿ ಬಾಯಿ ತೆಗೀತಾಳೆ. ನಿನ್ನೆ ಕಂಡಕ್ಟರು ಟಿಕೆಟ್ಟಿನ ಚಿಲ್ಲರೆ ಕೊಡೋಕೆ ಮುಂಚೆ ದವಡೆ ತೋರಿಸ್ದ. ಫೀಸೂ ಇಲ್ಲ, ಕೂರೋಕೆ ಜಾಗಾನೂ ಇಲ್ಲ. ನಾನಂತೂ ಫೇಲು. ಕಾರು ಬೇಕು. ಆದ್ರೆ ಸಂಜೆ ಹೊತ್ತು ಓಡ್ಸೋಕೆ ಕಣ್ಣಿಲ್ಲ.

ಅಮ್ಮ: ಸರಿ ಹೋಯ್ತು. ಕಣ್ಣಿದ್ದೋರಿಗೆ ಕಾರಿಲ್ಲ, ಕಾರಿದ್ದೋರಿಗೆ ಕಣ್ಣಿಲ್ಲ. ಹಲ್ಲಿದ್ದೋನಿಗೆ ಕಡಲೆ ಇಲ್ಲ ಅಂತಾರಲ್ಲ, ಹಾಗೆ.

ಹೆಂಡತಿ ಕುತ್ತಿಗೆಯ ಟೇಪನ್ನು ಕೈಗೆ ತೆಗೆದುಕೊಂಡಳು. ಏನನ್ನಾದರೂ ಕತ್ತರಿಸುವ ಮುಂಚೆ ಅವಳು ಹಾಗೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ.

ಹೆಂಡತಿ: ಡಾಕ್ಟ್ರೇ, ಅರ್ಧ ಕೊಡಿ.

ಡಾಕ್ಟ್ರು: ಅರ್ಧ ಏನು?

ಹೆಂಡತಿ: ಕಾರು. ಅರ್ಧ ಬೆಲೆ ನಾವು ಕೊಡ್ತೀವಿ, ನಮ್ಮ ಇಡುಗಂಟಲ್ಲೇ ಇದೆ. ಸಾಲ ಇಲ್ಲ, ಬಡ್ಡಿ ಇಲ್ಲ. ಹಳೇ ಕಾರು ಟೈರು ಬ್ಯಾಟರಿ ಅಂತ ಬಾಯಿ ತೆಗೆಯುತ್ತೆ, ಅದಕ್ಕೂ ಒಂದು ಚೂರು ಉಳಿಯುತ್ತೆ. ಬೆಳಿಗ್ಗೆ ಇವ್ರು ನಿಮ್ಮನ್ನ ಕ್ಲಿನಿಕ್ಕಿಗೆ ಬಿಡ್ತಾರೆ, ಸಂಜೆ ಕರ್ಕೊಂಡು ಬರ್ತಾರೆ. ನಡುವೆ ಕಾರು ನಮ್ಮ ಕನ್ನಡಿಗೆ. ರಿಪೇರಿ ಇಬ್ಬರದೂ, ಪೆಟ್ರೋಲು ಯಾರು ಓಡಾಡಿದ್ರೋ ಅವರದು.

ನೋವಾಗುವುದಿಲ್ಲ ಎಂದು ರೋಗಿಗೆ ಹೇಳುವಾಗ ಮಾತ್ರ ಬರುತ್ತಿದ್ದ ಡಾಕ್ಟರ ನಗು ಈಗ ತನ್ನಷ್ಟಕ್ಕೇ ಬಂತು.

ಡಾಕ್ಟ್ರು: ಬಸ್ಸಲ್ಲಿ ಹೋಗೋದು ಬೇಡ ತಾನೇ? ಹಾಗಾದ್ರೆ ನಾಳೆಯಿಂದಲೇ ಆಗ್ಲಿ!

ಅಮ್ಮ: ಸ್ವಲ್ಪ ತಡೀರಿ. ಯಾವ ಅರ್ಧ ನಮ್ದು ಅಂತ ಈಗಲೇ ಹೇಳ್ಬಿಡಿ. ಬ್ರೇಕಿರೋ ಅರ್ಧ ನಮಗಿರ್ಲಿ. ಮತ್ತೆ, ಮುಂದೆ ಡಾಕ್ಟ್ರು, ಹಿಂದೆ ಕನ್ನಡಿ. ನಾನೆಲ್ಲಿ ಕೂರೋದು?

ಕನ್ನಡಿಯವ: ನೀನು ಮನೇಲಿ ಕೂರಮ್ಮಾ. ಇನ್ನು ಕನ್ನಡಿ ಹಿಡೀಬೇಕಾಗಿಲ್ಲ.

ಅಮ್ಮ: ಅಬ್ಬಾ! ಬದುಕಿದೆ.

ಕನ್ನಡಿಯವನಿಗೆ ಕುಣಿಯಬೇಕೆನಿಸಿತು. ಸುತ್ತಲೂ ಗಾಜು, ಕುಣಿಯಲು ಜಾಗವಿರಲಿಲ್ಲ. ಹೆಂಡತಿ ಆ ಮೂರನೇ ಕಂತನ್ನು, ಅಥವಾ ಮೊದಲನೆಯದನ್ನು, ಒಟ್ಟಿನಲ್ಲಿ ಆ ಮನೆಯ ಏಕೈಕ ಕಂತನ್ನು ಡಾಕ್ಟರ ಕೈಗಿಟ್ಟಳು.

ಹೆಂಡತಿ: ತಗೊಳ್ಳಿ, ಮುಂಗಡ. ಉಳಿದದ್ದು ನಾಳೆ.

ಡಾಕ್ಟ್ರು: ಒಳ್ಳೇದಾಯ್ತು. ಅರೆ, ಮರೆತೇಬಿಟ್ಟಿದ್ದೆ, ನನ್ನ ಬಿಳಿ ಕೋಟುಗಳನ್ನ ಹೊಲಿದ್ರಲ್ಲ, ಅದರ ಕೂಲಿ ಹಾಗೇ ನಿಂತಿದೆ. ಹೆಚ್ಚುಕಡಿಮೆ ಇಷ್ಟೇ ಆಗುತ್ತೆ. ಇಗೊಳ್ಳಿ.

ನೋಟು ಮತ್ತೆ ಹೆಂಡತಿಯ ಕೈಗೆ ಬಂತು. ಅಭ್ಯಾಸಬಲದಿಂದ ಅವಳ ಬೆರಳು ಪಿನ್ನಿಗೆ ತಡಕಾಡಿತು. ಆದರೆ ಡಬ್ಬಿಯ ಕಡೆ ಹೋಗದೆ, ನೆಟ್ಟಗೆ ಅತ್ತೆಯ ಮುಂದೆ ಬಂದು ನಿಂತಳು.

ಹೆಂಡತಿ: ಹಿಡೀರಿ ಅತ್ತೆ. ಮೇಲಿನ ಸಾಲು. ಈ ಸಲ ನನ್ನ ಕಣ್ಣೆದುರಿಗೇ ಕೊಡ್ಬೇಕು. ಮೆಟ್ಟಿಲ ಕಡೆ ತಿರುಗಿ ನೋಡಕೂಡದು.

ಅಮ್ಮ ನೋಟನ್ನು ಕಣ್ಣಿಗೊತ್ತಿಕೊಂಡು, ಮಗನ ಕಡೆ ಒಂದು ಸಲ ನೋಡಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಆಕೆ ನೋಟನ್ನು ಡಾಕ್ಟರ ಕೈಗೆ ಹಾಕಿ, ಯಾರೂ ಹೇಳದೆಯೇ ಆ ಎಂದು ಬಾಯಿ ತೆರೆದಳು.

ಡಾಕ್ಟರು ಅಷ್ಟು ಹೊತ್ತಿನಲ್ಲಿ ಎರಡನೇ ಸಲ ತಮ್ಮ ಕೈಗೆ ಬಂದ ನೋಟನ್ನು ಅನುಮಾನದಿಂದ ಬೆಳಕಿಗೆ ಹಿಡಿದರು.

ಡಾಕ್ಟ್ರು: ಇದೇನ್ರೀ, ನೋಟಿಗೂ ಹುಳುಕು ಹತ್ತಿದೆ? ಎಲ್ಲಾದಕ್ಕೂ ತೂತು!

ಅಮ್ಮ: ಹುಳುಕಲ್ಲ ಡಾಕ್ಟ್ರೇ, ಸವೆತ. ನಿಮ್ಮ ಕಾರು ಶೆಡ್ಡಲ್ಲಿ ಮಲಗಿತ್ತಲ್ಲ, ಆ ಮೂರು ತಿಂಗಳೂ ಓಡಿದ್ದು ಇದೊಂದೇ.